ಸುಂಕ ಕಟ್ಟಿ ಬಿಡಿಸಿಕೊಂಡ ಪೆಟ್ಟಿಗೆ

ಕತ್ತರಿಯಕ್ಕನ ಕೋಣೆಗೆ ಬಾಗಿಲಿತ್ತು, ಬಾಗಿಲಿಗೆ ಚಿಲಕವೂ ಇತ್ತು. ಆದರೆ ಅವಳ ತಮ್ಮ ಒಂದು ದಿನವೂ ಅದನ್ನು ತಟ್ಟಿ ಒಳಗೆ ಬಂದವನಲ್ಲ. ಮನೆ ಅವನದು, ಮಹಡಿ ಅವನದು, ಬಾಗಿಲೂ ಅವನದೇ ಅಂದಮೇಲೆ ತಟ್ಟುವುದಾದರೂ ಯಾಕೆ? ದೂಡಿಕೊಂಡು ಬರುವುದು, ಮನೆಗೆ ಬಂದವರನ್ನು ಕರೆತಂದು ಕೋಣೆ ತೋರಿಸುವುದು, ಮಂಚ ನಾನು ಕೊಟ್ಟಿದ್ದು, ಫ್ಯಾನು ನಾನೇ ಹಾಕಿಸಿದ್ದು ಎನ್ನುವುದು. ಟೈರ್ ಅಂಗಡಿ ಇಟ್ಟು ನಾಲ್ಕು ಕಾಸು ಕಂಡಿದ್ದ ಅವನು ಕೆಟ್ಟವನೇನಲ್ಲ. ಕೊಟ್ಟದ್ದನ್ನು ಮರೆಯುವ ಜಾಯಮಾನ ಮಾತ್ರ ಅವನದಾಗಿರಲಿಲ್ಲ.

ಅವಳು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ವಿಭಾಗದ ಹಿರಿತಲೆ. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಗುರುತು ಹಾಕಿ, ಯಂತ್ರದ ಅಲಗು ಹಾಯಿಸಿದಳೆಂದರೆ ಮೇಲಿನ ತೋಳಿಗೂ ಕೆಳಗಿನ ತೋಳಿಗೂ ಕೂದಲೆಳೆಯ ವ್ಯತ್ಯಾಸ ಇರುತ್ತಿರಲಿಲ್ಲ. ಕತ್ತರಿಯಕ್ಕ ಎಂಬ ಹೆಸರು ಅಂಟಿಕೊಂಡದ್ದು ಅಲ್ಲೇ. ತಿಂಗಳ ಮೊದಲ ವಾರ ಮನೆಖರ್ಚಿಗೆಂದು ಅವಳು ದುಡ್ಡು ಚಾಚಿದರೆ, ತಮ್ಮ ಎರಡೂ ಕೈ ಹಿಂದೆ ಕಟ್ಟಿಕೊಂಡು, ನಾಲ್ಕು ಜನಕ್ಕೆ ಕೇಳುವ ಹಾಗೆ, ಅಕ್ಕನ ದುಡ್ಡು ಮುಟ್ಟುವಷ್ಟು ಗತಿಗೆಟ್ಟಿಲ್ಲ ಎನ್ನುತ್ತಿದ್ದ. ಕೇಳಿದವರು ಎಂಥಾ ತಮ್ಮ ಎಂದು ತಲೆದೂಗುತ್ತಿದ್ದರು. ಅವಳು ಚಾಚಿದ ದುಡ್ಡನ್ನು ಮಡಚಿ ಮತ್ತೆ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ದುಡಿಯುವ ಕೈಯಿದ್ದೂ ಹಂಗಿನಲ್ಲಿ ಬದುಕುವುದು ಎಷ್ಟು ಕಷ್ಟ ಎನ್ನುವುದು ಹಾಗೆ ಬದುಕಿದವರಿಗೇ ಗೊತ್ತು.

ಇಂಥವಳಿಗೆ ಹಾಡಿನ ಹುಚ್ಚು ಹಿಡಿದದ್ದು ಒಂದು ಪ್ಲಗ್ಗಿನ ದೆಸೆಯಿಂದ. ಇಸ್ತ್ರಿಪೆಟ್ಟಿಗೆಯ ಪ್ಲಗ್ ಸುಟ್ಟುಹೋಯಿತೆಂದು ಹೊಸದನ್ನು ಹುಡುಕಿಕೊಂಡು ಹಳೇ ಪೇಟೆಯ ಒಂದು ಅಂಗಡಿಗೆ ನುಗ್ಗಿದಳು. ಅಲ್ಲಿ ಪ್ಲಗ್ ಮಾರುತ್ತಿರಲಿಲ್ಲ. ಅದು ಯಾರೋ ಬಳಸಿ ಬಿಟ್ಟ, ಹಾಡು ಕೇಳುವ ಹೈಫೈ ಸೆಟ್ಟುಗಳನ್ನು ಕೊಂಡು, ಸರಿಮಾಡಿ ಮಾರುವ ಅಂಗಡಿ. ಅಂಗಡಿಯ ಮುದುಕ ಒಂದು ರೆಕಾರ್ಡ್ ಹಾಕಿಕೊಂಡು ಕೂತಿದ್ದ. ಅದರಲ್ಲಿ ಹಾಡುತ್ತಿದ್ದ ಹೆಂಗಸು ಒಂದು ಸಾಲು ಮುಗಿಸಿ, ಇನ್ನೊಂದು ಶುರುಮಾಡುವ ಮುಂಚೆ, ಮೆಲ್ಲಗೆ ಉಸಿರೆಳೆದುಕೊಂಡಳು. ಹಗಲೆಲ್ಲ ಯಂತ್ರಗಳ ಗರಗರ, ಸಂಜೆ ಕೆಳಗಿನ ಟಿವಿಯ ಅರಚಾಟ ಇಷ್ಟೇ ಕೇಳಿದ್ದ ಕತ್ತರಿಯಕ್ಕನಿಗೆ ಯಾರೋ ಪಕ್ಕದಲ್ಲೇ ನಿಂತು ಉಸಿರೆಳೆದಂತಾಯಿತು. ತಿರುಗಿಯೂ ನೋಡಿದಳು. ಪ್ಲಗ್ ಮರೆತೇಹೋಯಿತು.

ಅಲ್ಲಿಂದಾಚೆ ಪ್ರತಿ ಶನಿವಾರ ಕಾರ್ಖಾನೆ ಬಿಟ್ಟ ಮೇಲೆ ಅವಳು ಆ ಅಂಗಡಿಯಲ್ಲಿ ಹಾಜರು. ಕೊಳ್ಳುವುದೂ ಇಲ್ಲ, ಕದಲುವುದೂ ಇಲ್ಲ. ಕೊನೆಗೊಂದು ದಿನ ಮುದುಕ, "ಏನಮ್ಮಾ, ಏನಾದ್ರೂ ಕೊಂಡ್ಕೋ. ಇಲ್ಲಾಂದ್ರೆ ನಿನ್ನ ಕುರ್ಚಿ ನೀನೇ ತಗೊಂಡು ಬಾ" ಎಂದ. ಮುಂದಿನ ಶನಿವಾರ ಅವಳು ಮಡಚುವ ಕುರ್ಚಿಯೊಂದನ್ನು ಕೊಂಡು, ಕಂಕುಳಲ್ಲಿ ಇರುಕಿಕೊಂಡೇ ಹೋದಳು. ಮುದುಕ ಆವತ್ತೇ ಸೋತ. ಒಂದು ಜೊತೆ ಸ್ಪೀಕರನ್ನೂ ರೆಕಾರ್ಡ್ ಪ್ಲೇಯರನ್ನೂ ಕಂತಿನ ಮೇಲೆ ಕೊಟ್ಟ. ಆದರೆ ಆ ಉಸಿರನ್ನು ಕೇಳಿಸಿದ್ದು ಬಲ್ಬಿನಂತೆ ಉರಿಯುವ ಗಾಜಿನ ವಾಲ್ವುಗಳ, ದನಿ ಹಿಗ್ಗಿಸುವ ಹಳೇ ಆಂಪ್ಲಿಫೈಯರ್. ಅದನ್ನು ಜಪ್ಪಯ್ಯ ಅಂದರೂ ಕೊಡಲೊಲ್ಲ. ಅಂಥದ್ದನ್ನು ಈಗ ಯಾರೂ ಮಾಡುತ್ತಿಲ್ಲ, ಬೇಕಿದ್ದರೆ ಹೊರದೇಶದಲ್ಲಿ ಹುಡುಕು ಎಂದುಬಿಟ್ಟ.

ಅವಳು ಹುಡುಕಿದಳು. ಕಾರ್ಖಾನೆಯ ಊಟದ ಬಿಡುವಿನಲ್ಲಿ ಉಳಿದವರು ಸೀರೆಯ ಚಿತ್ರ ನೋಡುತ್ತಿದ್ದರೆ, ಇವಳು ಫೋನಿನಲ್ಲಿ ಆಂಪ್ಲಿಫೈಯರಿನ ಕಬ್ಬಿಣದ ಪೆಟ್ಟಿಗೆಗಳ ಬೆನ್ನಿನ ಚಿತ್ರ ನೋಡುತ್ತಿದ್ದಳು. ಕಡೆಗೂ ಒಂದು ಸಿಕ್ಕಿತು. ಮಾರುತ್ತಿದ್ದವನು ದೂರದೇಶದ ಒಬ್ಬ ನಿವೃತ್ತ ಬಸ್ ಡ್ರೈವರ್. ಸಣ್ಣ ಮನೆಗೆ ಹೋಗುತ್ತಿದ್ದುದರಿಂದ ಸಾಮಾನು ಕಡಿಮೆ ಮಾಡುತ್ತಿದ್ದ. ಫೋನು ಮಾಡಿಕೊಟ್ಟ ಅಡ್ಡಾದಿಡ್ಡಿ ಅನುವಾದದಲ್ಲೇ ಇಬ್ಬರೂ ಚೌಕಾಸಿ ಮಾಡಿದರು. ಅವಳು ಬ್ಯಾಂಕಿನಿಂದ ದುಡ್ಡು ಕಳಿಸಿದಳು. ಹುಟ್ಟಿದಾಗಿನಿಂದ ತನಗೆಂದು ಇಷ್ಟು ದೊಡ್ಡದನ್ನು ಅವಳು ಕೊಂಡಿರಲಿಲ್ಲ. ಆವತ್ತು ಮನೆಗೆ ಬರುವಾಗ ಬಸ್ಸಿನಲ್ಲಿ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಪಕ್ಕದಲ್ಲಿ ಕೂತಿದ್ದವಳು ಸ್ವಲ್ಪ ಸರಿದು ಕೂತಳು.

ಎಡವಟ್ಟಾದದ್ದು ಆಮೇಲೆ. ಪೆಟ್ಟಿಗೆ ಬಂದು ಕಸ್ಟಮ್ಸ್ ಕಚೇರಿಯಲ್ಲಿ ಕೂತಿತು. ಅದರ ಮೇಲೆ ಬಸ್ ಡ್ರೈವರ್ ತನ್ನ ದುಂಡು ಅಕ್ಷರದಲ್ಲಿ ಹೀಗೆ ಬರೆದಿದ್ದ: ಉಡುಗೊರೆ, ಹಳೆಯ ವಸ್ತು, ಬೆಲೆಯಿಲ್ಲ. ಅದು ಅವನ ಒಳ್ಳೆಯತನ. ಈ ಹಳೇ ಹೈಫೈ ಹುಚ್ಚರೆಲ್ಲ ಕೊಳ್ಳುವವರಿಗೆ ಸುಂಕ ಉಳಿಯಲೆಂದು ಒಬ್ಬರಿಗೊಬ್ಬರು ಹೀಗೇ ಬರೆಯುತ್ತಾರೆ, ಅದೊಂದು ಮರ್ಯಾದೆ ಇದ್ದಂತೆ ಎಂದು ಅಂಗಡಿಯ ಮುದುಕ ವಿವರಿಸಿದ. ಉಡುಗೊರೆಯೇ ಹೌದೆಂದು ಸಹಿ ಹಾಕಿ ತೆಗೆದುಕೊಂಡು ಬಾ, ನಾವೆಲ್ಲ ಮಾಡುವುದೇ ಅದು ಎಂದೂ ಸೇರಿಸಿದ. ಕತ್ತರಿಯಕ್ಕನಿಗೆ ಆ ಮಾತು ಯಾಕೋ ಇಳಿಯಲಿಲ್ಲ. ಆದರೂ ಸುಂಕವೆಂದರೆ ಕೊಂಡ ಬೆಲೆಯ ಹತ್ತಿರಹತ್ತಿರ ಆಗುತ್ತದೆ ಎಂದು ಕೇಳಿದ ಮೇಲೆ, ಹೂಂ ಅಂದು ಸುಮ್ಮನಾದಳು.

ಸುಮ್ಮನೆ ಇರುತ್ತಲೂ ಇದ್ದಳೇನೋ. ಆದರೆ ತಮ್ಮನಿಗೆ ಕಸ್ಟಮ್ಸಿನಲ್ಲಿ ಒಬ್ಬ ಪರಿಚಯದವನಿದ್ದ, ಟೈರ್ ಗಿರಾಕಿ. ಅವನಿಗೆ ಹೇಳಿ ಬಿಡಿಸಿಕೊಡುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದು ತಮ್ಮ ಮುಂದೆ ಬಂದ. ಆ ಭಾನುವಾರ ಕೆಳಗೆ ನೆಂಟರು ಬಂದಿದ್ದರು. ಕತ್ತರಿಯಕ್ಕ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು.

"ಅಕ್ಕನಿಗೆ ಫಾರಿನ್ನಿಂದ ಒಂದು ಹಾಡಿನ ಮಿಷನ್ ತರಿಸ್ಕೊಡ್ತಿದ್ದೀನಿ" ಎಂದು ತಮ್ಮ ಹೇಳುತ್ತಿದ್ದ. "ಪಾಪ, ಅವಳಿಗೆ ನನ್ನ ಬಿಟ್ರೆ ಇನ್ಯಾರಿದ್ದಾರೆ?"

ಅವಳು ಬುಟ್ಟಿಯನ್ನು ಮೆಟ್ಟಿಲ ಮೇಲೇ ಇಟ್ಟಳು. ಅಲ್ಲಿ ನಿಂತೇ ಅವಳಿಗೆ ಎಲ್ಲವೂ ಕಂಡುಹೋಯಿತು. ಪೆಟ್ಟಿಗೆ ಉಡುಗೊರೆಯಾಗಿ ಒಳಗೆ ಬಂತೆಂದರೆ ಅದು ಮಂಚ, ಫ್ಯಾನುಗಳ ಸಾಲಿಗೆ ಸೇರಿತೆಂದೇ ಲೆಕ್ಕ. ಅವಳು ಸಾಯುವ ತನಕ, ಸತ್ತ ಮೇಲೂ, ತಮ್ಮ ಬಾಗಿಲು ದೂಡಿಕೊಂಡು ಬಂದು ಅದರತ್ತ ಬೆರಳು ತೋರಿಸುತ್ತಾನೆ. ಬುಟ್ಟಿಯನ್ನು ಅಲ್ಲೇ ಬಿಟ್ಟು ಅವಳು ಮೇಲೆ ಹತ್ತಿಹೋದಳು. ಬಟ್ಟೆ ಆವತ್ತು ಒಣಗಲೇ ಇಲ್ಲ.

ಮರುದಿನ ರಜೆ ಹಾಕಿ, ಬ್ಯಾಂಕಿನ ರಸೀದಿ ಹಿಡಿದು, ಅವಳೊಬ್ಬಳೇ ಕಸ್ಟಮ್ಸ್ ಕಚೇರಿಗೆ ಹೋದಳು. ಉದ್ದನೆಯ ಹಜಾರ, ಗಾಜಿನ ಕಿಂಡಿಗಳು, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಕುರ್ಚಿಗಳು. ಕಿಂಡಿಯ ಹಿಂದಿದ್ದ ಕನ್ನಡಕದ ಅಧಿಕಾರಿ ಅವಳ ಕಾಗದ ನೋಡಿ, ಇದರಲ್ಲಿ ಕಟ್ಟುವುದೇನೂ ಇಲ್ಲ, ಉಡುಗೊರೆ ಎಂದು ಇಲ್ಲೊಂದು ಸಹಿ ಹಾಕಿ ಹೊರಡಿ ಎಂದ.

"ಇದು ಉಡುಗೊರೆ ಅಲ್ಲ ಸರ್. ನಾನು ಕೊಂಡಿದ್ದು. ಇಲ್ಲಿದೆ ರಸೀದಿ. ಎಷ್ಟು ಸುಂಕ ಆಗುತ್ತೋ ಹಾಕಿ."

ಅಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಆ ಕುರ್ಚಿಯಲ್ಲಿ ಕೂತಾಗಿನಿಂದ ಅವನು ಕಂಡವರೆಲ್ಲ ಬೆಲೆ ಇಳಿಸಲು ದುಂಬಾಲು ಬಿದ್ದವರೇ. ಏರಿಸಿ ಎಂದು ಬಂದವಳು ಇವಳೇ ಮೊದಲು. ಸಹಜವಾಗಿಯೇ ಅವನಿಗೆ ಅನುಮಾನ ಬಂತು. ಇಷ್ಟು ಎಂದು ತಾನೇ ಒಪ್ಪಿಕೊಳ್ಳುತ್ತಿದ್ದಾಳೆಂದರೆ ನಿಜವಾದ ಬೆಲೆ ಇನ್ನೆಷ್ಟಿರಬೇಕು? ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿದ, ಬೆಳಕಿಗೆ ಹಿಡಿದ, ಒಳಗೆ ಹೋಗಿ ಮೇಲಧಿಕಾರಿಗೆ ತೋರಿಸಿ ಬಂದ. ಅಷ್ಟರಲ್ಲಿ ತಮ್ಮ ಬಂದ, ಜೊತೆಗೆ ಟೈರ್ ಗಿರಾಕಿ. ಅಕ್ಕ ರಜೆ ಹಾಕಿ ಎಲ್ಲಿಗೆ ಹೋಗಿದ್ದಾಳೆಂದು ಅವನಿಗೆ ಹೇಗೋ ಗೊತ್ತಾಗಿತ್ತು. ಗಿರಾಕಿ ನಗುನಗುತ್ತಾ ಕಿಂಡಿಯೊಳಗೆ ಕೈ ಚಾಚಿ ಆ ರಸೀದಿಯ ಕಾಗದವನ್ನು ತೆಗೆದುಕೊಳ್ಳಲು ಹೋದ. ಕತ್ತರಿಯಕ್ಕ ಅದರ ಮೇಲೆ ಅಂಗೈ ಊರಿದಳು. ಬಟ್ಟೆಯ ಪದರ ಅಲುಗದಂತೆ ಒತ್ತಿ ಹಿಡಿದು ಪಳಗಿದ ಕೈ ಅದು. ಕಾಗದ ಅಲ್ಲಾಡಲಿಲ್ಲ.

ತಮ್ಮ ದನಿ ತಗ್ಗಿಸಿ, ನಾಲ್ಕು ಜನರ ಮುಂದೆ ಮಾನ ಕಳೆಯಬೇಡ ಎಂದ. ಯಾಕೆ ಈ ಹಟ, ಬಿಟ್ಟಿ ಬರುವುದಕ್ಕೆ ಯಾರಾದರೂ ದುಡ್ಡು ಸುರಿಯುತ್ತಾರಾ ಎಂದ. ಅಧಿಕಾರಿಯೂ, ಬೆಲೆ ತಪ್ಪಾಗಿ ಬರೆದದ್ದಕ್ಕೆ ಸುಂಕದ ಜೊತೆ ದಂಡವೂ ಬೀಳುತ್ತದಮ್ಮಾ, ಯೋಚನೆ ಮಾಡಿ ಎಂದ.

"ಯೋಚನೆ ಮಾಡೇ ಬಂದಿದ್ದೀನಿ" ಎಂದಳು ಅವಳು. ಆಮೇಲೆ ತಮ್ಮನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ನೀನು ಕೊಟ್ಟ ಮಂಚದಲ್ಲಿ ಮಲಗ್ತೀನಿ, ನೀನು ಹಾಕಿಸಿದ ಫ್ಯಾನಿನ ಕೆಳಗೆ ಕೂತ್ಕೋತೀನಿ. ನಾನು ದುಡ್ಡು ಕೊಟ್ರೆ ಕೈ ಹಿಂದೆ ಕಟ್ಕೋತೀಯ. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ಇದೊಂದು ನನ್ನದು ಕಣೋ. ನಿನಗೆ ಇದನ್ನ ಬಿಟ್ಟುಕೊಡಲ್ಲ."

ತಮ್ಮನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಟೈರ್ ಗಿರಾಕಿಗೆ ಇದ್ದಕ್ಕಿದ್ದಂತೆ ಬೇರೇನೋ ಕೆಲಸ ನೆನಪಾಯಿತು. ಅಕ್ಕನ ಬಾಯಿಂದ ಇಂಥ ಮಾತು ಬರಬಹುದೆಂದು ತಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಅವನು ಅಲ್ಲಿಂದ ಹೊರಟುಹೋದ. ಹೋಗುವುದನ್ನು ನೋಡಿ ಅವಳಿಗೆ ಸಂಕಟವಾಗಲಿಲ್ಲವೆಂದಲ್ಲ. ಆಯಿತು. ಆದರೆ ಅಂಗೈ ಮಾತ್ರ ಕಾಗದದ ಮೇಲಿಂದ ಏಳಲಿಲ್ಲ.

ಇನ್ನೊಂದು ತೊಡಕು ಉಳಿದಿತ್ತು. ಸುಂಕ ಕಡಿಮೆ ಮಾಡಿ ಎಂದು ಬೇಡಲು ಆ ಕಚೇರಿಯಲ್ಲಿ ಅಚ್ಚಾದ ಅರ್ಜಿ ಇತ್ತು, ಜಾಸ್ತಿ ಮಾಡಿ ಎಂದು ಕೇಳಲು ಇರಲಿಲ್ಲ. ಕಡೆಗೆ ಅಧಿಕಾರಿ ಇದ್ದ ಅರ್ಜಿಯಲ್ಲೇ 'ಕಡಿಮೆ' ಎಂಬುದನ್ನು ಹೊಡೆದುಹಾಕಿ, ಮೇಲೆ ಕೈಯಲ್ಲಿ 'ಹೆಚ್ಚು' ಎಂದು ಬರೆದು, ತನ್ನ ಸಹಿ ಹಾಕಿದ. ಅನುಮಾನ ಆಗ ಹೋಗಿತ್ತು. ಪೆಟ್ಟಿಗೆಯಲ್ಲಿ ಏನಿದೆಯೆಂದು ಮೊದಲ ಸಲ ಮನುಷ್ಯರ ದನಿಯಲ್ಲಿ ಕೇಳಿದ. ಅವಳು ಉಸಿರಿನ ಕಥೆ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡು, ಆದರೂ ದಂಡ ಬಿಡಲಿಕ್ಕಾಗುವುದಿಲ್ಲ ಎಂದ. ನಾನು ಬಿಡಿ ಎಂದೆನಾ ಎಂದಳು.

ಆ ದುಡ್ಡು ಎಲ್ಲಿಂದ ಬಂತೆಂದರೆ, ಹಲ್ಲಿನಿಂದ. ಅವಳ ಮುಂದಿನ ಎರಡು ಹಲ್ಲು ಬಿದ್ದುಹೋಗಿದ್ದವು. ಕಟ್ಟಿಸಲೆಂದು ಕೂಡಿಟ್ಟದ್ದೆಲ್ಲ ಸುಂಕಕ್ಕೆ ಹೋಯಿತು. ಕಾರ್ಖಾನೆಯ ಗೆಳತಿಯರು ಬೈದರು. ಹಾಡು ಕೇಳುವುದಕ್ಕೆ ಹಲ್ಲು ಬೇಕಿಲ್ಲ ಎಂದು ಇವಳು ಹಲ್ಲಿನ ಕಿಂಡಿ ತೋರಿಸಿ ನಕ್ಕಳು.

ಮುದುಕ ಬಂದು ವೈರು ಜೋಡಿಸಿಕೊಟ್ಟ. ವಾಲ್ವುಗಳು ನಿಧಾನವಾಗಿ ಕೆಂಪಗಾದವು. ಅವಳು ಅದೇ ರೆಕಾರ್ಡ್ ಹಾಕಿದಳು, ಅದೇ ಜಾಗದಲ್ಲಿ ಅದೇ ಉಸಿರು ಕೇಳಿಸಿತು. ಕತ್ತರಿಯಕ್ಕ ಗಳಗಳನೆ ಅತ್ತುಬಿಟ್ಟಳು. ಮುದುಕ ಕಿಟಕಿಯಾಚೆ ನೋಡುತ್ತಾ ನಿಂತ.

ತಮ್ಮ ಮಾತು ಬಿಟ್ಟಿದ್ದ. ಊಟಕ್ಕೆ ಕೂತರೂ ತಟ್ಟೆ ನೋಡಿಕೊಂಡೇ ಎದ್ದುಹೋಗುತ್ತಿದ್ದ. ಅವನ ಹೆಂಡತಿ ಮಾತ್ರ ಅವನು ಅಂಗಡಿಗೆ ಹೋದ ಮೇಲೆ, ಅತ್ತಿಗೆಗೆ ರಜೆಯಿದ್ದ ದಿನ, ಕದ್ದು ಮೇಲೆ ಬಂದು ಮಂಚದ ತುದಿಯಲ್ಲಿ ಕೂತು ಕೇಳಿ ಹೋಗುತ್ತಿದ್ದಳು. ಇಳಿದು ಹೋಗಿ ಒಲೆಯ ಮುಂದೆ ಅದನ್ನೇ ಗುನುಗುತ್ತಿದ್ದಳು. ಆ ಹಾಡು ಎಲ್ಲಿಯದೆಂದು ಕೇಳದೆ ತಮ್ಮ ಎಷ್ಟು ದಿನವೆಂದು ಇದ್ದಾನು?

ಒಂದು ಭಾನುವಾರ ಸಂಜೆ ಕತ್ತರಿಯಕ್ಕ ಬಾಗಿಲು ಹಾಕಿಕೊಂಡು ಕೇಳುತ್ತಿದ್ದಳು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಗುರುತಿನ ಹೆಜ್ಜೆಯೇ. ಅವಳು ಅಭ್ಯಾಸಬಲದಿಂದ ಬಾಗಿಲು ದಢಾರನೆ ತೆರೆದುಕೊಳ್ಳುವುದನ್ನು ಕಾದಳು. ತೆರೆಯಲಿಲ್ಲ. ಹೆಜ್ಜೆ ಬಾಗಿಲ ಹೊರಗೇ ನಿಂತಿತು. ಸ್ವಲ್ಪ ಹೊತ್ತಿಗೆ ಯಾರೋ ಬೆರಳಿನಿಂದ ಎರಡು ಸಲ ತಟ್ಟಿದರು.

ಆ ಮನೆಯಲ್ಲಿ ಅವಳ ಬಾಗಿಲನ್ನು ತಟ್ಟಿದ್ದು ಅದೇ ಮೊದಲು. ಅವಳು ತಕ್ಷಣ ಏಳಲಿಲ್ಲ. ಹಾಡು ಅರ್ಧದಲ್ಲಿತ್ತು, ಪೂರ್ತಿ ಕೇಳಿದಳು. ರೆಕಾರ್ಡಿನ ಮುಳ್ಳು ಎತ್ತಿಟ್ಟ ಮೇಲೆ ಹೋಗಿ ಬಾಗಿಲು ತೆರೆದಳು. ತಮ್ಮ ಇನ್ನೂ ಅಲ್ಲೇ ನಿಂತಿದ್ದ, ಚಪ್ಪಲಿ ಬಿಟ್ಟು, ಕೈ ಎಲ್ಲಿಡಬೇಕೆಂದು ತೋಚದೆ.

"ಒಂದ್ಸಲ ಕೇಳ್ಲಾ ಅಕ್ಕ?" ಎಂದ.

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹಲ್ಲಿಲ್ಲದ ಜಾಗ ಕಾಣುವ ಹಾಗೆ ನಕ್ಕಳು.

"ಕೇಳು. ಕುರ್ಚಿ ನೀನೇ ತಗೊಂಡು ಬಾ."

ಅವನು ಕೆಳಗಿಳಿದು ಹೋಗಿ ಕುರ್ಚಿ ಹೊತ್ತುಕೊಂಡು ಬಂದ.