ಬೂದಿ ತಿರುಗಿಸುವ ಹೊತ್ತು

ಸಾರೂನ್ ಇನ್ನೊಂದು ಎಳನೀರು ಕೆತ್ತಿ ಬೋಗುಣಿಗೆ ಸುರಿದು, ಕತ್ತಿ ಹಿಡಿದ ಕೈಯಲ್ಲೇ ಹಣೆ ಒರೆಸಿಕೊಂಡು ಮತ್ತೆ ವಿಹಾರದ ಬಾಗಿಲ ಕಡೆ ನೋಡಿದಳು. ಸತ್ತವರ ಕ್ರಿಯೆ ಮಾಡಿಸುವ ಆಚಾರ್ ತೊಲ್ ಇನ್ನೂ ಬಂದಿರಲಿಲ್ಲ.

ಚಿತೆ ಆರಿತ್ತು. ಅಪ್ಪನ ಮೂಳೆಗಳನ್ನು ಎಳನೀರಿನಲ್ಲಿ ತೊಳೆದು, ಬಾಳೆಯೆಲೆಯ ಮೇಲೆ ಬೂದಿಯಿಂದ ಮನುಷ್ಯನ ಆಕಾರ ಮಾಡಿ, ಪಶ್ಚಿಮಕ್ಕಿರುವ ತಲೆಯನ್ನು ಪೂರ್ವಕ್ಕೆ ತಿರುಗಿಸಬೇಕು. ಹಾಗೆ ಮಾಡಿದರೇ ಸತ್ತವನಿಗೆ ಮರುಹುಟ್ಟು. ಆ ಕೆಲಸ ಬಲ್ಲವನು ಊರಿಗೆಲ್ಲ ತೊಲ್ ಒಬ್ಬನೇ. ಅಪ್ಪನ ಜೊತೆ ಮೂವತ್ತು ವರ್ಷದಿಂದ ಮಾತು ಬಿಟ್ಟವನೂ ಅವನೇ.

"ಅವ್ರು ಬರದಿದ್ರೆ ಏನಜ್ಜಿ ಮಾಡೋದು?"

"ನಾನೇ ತಿರುಗಿಸ್ತೀನಿ ಬಿಡೇ," ಎಂದಳು ನೆರೆಮನೆಯ ಮೊಮ್ ಅಜ್ಜಿ, ಎಲೆಯಡಿಕೆ ಜಗಿಯುತ್ತ. "ನಿಮ್ಮಪ್ಪ ಎದ್ದು ಕೂತು, ಇದೆಲ್ಲ ಮೂಢನಂಬಿಕೆ ಅಂತ ಶುರು ಮಾಡೋದ್ರೊಳಗೆ ಮುಗಿಸ್ಬೇಕು ನೋಡು."

ಬೆಳಿಗ್ಗೆ ಪೇಟೆಯಿಂದ ಪಕ್ಷದವರು ಬಂದಿದ್ದರು. ಅವಳಪ್ಪ ಪ್ರಾಕ್ ಯೆಂ ದೇಶದ ಮೊದಮೊದಲ ಕಮ್ಯುನಿಸ್ಟ್ ನಾಯಕರಲ್ಲೊಬ್ಬರು ಎಂದು ಭಾಷಣ ಮಾಡಿ, ಹೂವಿನ ಚಕ್ರ ಇಟ್ಟು, ಊಟಕ್ಕೂ ನಿಲ್ಲದೆ ಹೋದರು.

"ಹೆಣ ಬೇಗ ಸುಟ್ಟೋಯ್ತು, ಆ ಭಾಷಣವೇ ಮುಗೀಲಿಲ್ಲ," ಎಂದಳು ಅಜ್ಜಿ.

ಸಾರೂನ್‌ಗೆ ನಗು ಬಂತು. ಹಾಸಿಗೆ ಹಿಡಿದ ಮೇಲೂ ಅಪ್ಪ ಗಂಜಿ ಕುಡಿಸಲು ಹೋದರೆ ವಾದಕ್ಕೆ ನಿಲ್ಲುತ್ತಿದ್ದ. ಅವನು ಹೋದದ್ದು ಅವಳಿಗೆ ದುಃಖಕ್ಕಿಂತ ನಿರಾಳ. ಸೂತಕಕ್ಕೆ ಬೋಳಿಸಿದ ತಲೆಗೆ ಗಾಳಿ ತಾಗಿದಾಗಲೆಲ್ಲ ಹಗುರವೆನಿಸುತ್ತಿತ್ತು. ಇದೊಂದು ಸರಿಯಾಗಿ ಮುಗಿದರೆ ಸಾಕಿತ್ತು.

\* \* \*

ಫ್ರೆಂಚರ ಕಾಲದಲ್ಲಿ ಯೆಂ ಇದೇ ವಿಹಾರದ ಭಿಕ್ಷುವಾಗಿದ್ದ. ಬುದ್ಧನ ಕತೆ ಹೇಳುತ್ತ ಹೇಳುತ್ತ ತೆರಿಗೆಯ ಮಾತಿಗೆ ಬರುತ್ತಿದ್ದ. ಅಷ್ಟು ಹೊತ್ತು ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಿದ್ದರು. ಒಂದು ದಿನ ಕಾವಿ ಮಡಚಿಟ್ಟು ಫ್ರೆಂಚರ ಮೇಲೆ ಹೋರಾಡಲು ಕಾಡಿಗೆ ಹೊರಟ. ಅವನ ಬೆನ್ನಿಗೆ ತೊಲ್‌ನ ಅಣ್ಣಂದಿರು, ನ್ಹೆಕ್ ಮತ್ತು ಛಾಯ್. ತಾಳೆಬೆಲ್ಲ ಕಾಯಿಸುತ್ತಿದ್ದ ಅವರ ತಾಯಿ ಒಲೆ ಬಿಟ್ಟು ಓಡಿಬಂದು ದಾರಿಗೆ ಅಡ್ಡ ನಿಂತಳು.

"ಸ್ವಾಮಿ, ಇವಿನ್ನೂ ಹುಡುಗ್ರು."

"ನಾನೀಗ ಸ್ವಾಮಿ ಅಲ್ಲಮ್ಮ. ಕರ್ಕೊಂಡು ಹೋಗ್ತಿರೋನು ನಾನು. ನಾನೇ ಕರ್ಕೊಂಡು ಬರ್ತೀನಿ."

ಬೆಲ್ಲ ಸೀದುಹೋಯಿತು. ಪುಟ್ಟ ತೊಲ್ ಅದನ್ನೇ ಕೆರೆದು ತಿಂದ.

ಫ್ರೆಂಚರು ಹೋದರು, ಇವರು ಮೂವರೂ ಪಕ್ಷದ ಕೆಲಸಕ್ಕೆ ವಿಯೆಟ್ನಾಮಿನ ಹನೋಯ್‌ಗೆ ಹೋದರು. ವರ್ಷಗಳ ಮೇಲೆ ಇಲ್ಲಿ ಮತ್ತೆ ಯುದ್ಧ ಶುರುವಾದಾಗ ಯೆಂ ಮಲೇರಿಯಾದಿಂದ ಮಲಗಿದ್ದ. ಅಣ್ಣತಮ್ಮಂದಿರಿಬ್ಬರನ್ನೇ ಮೊದಲು ಇಲ್ಲಿಗೆ ಕಳಿಸಿದ. ಅಷ್ಟರಲ್ಲಿ ಪಕ್ಷ ಬೇರೆಯವರ ಕೈಗೆ ಹೋಗಿತ್ತು. ವಿಯೆಟ್ನಾಮಿನ ಗೂಢಚಾರರು ಎಂದು ಸ್ವಂತ ಪಕ್ಷದವರೇ ಇಬ್ಬರನ್ನೂ ಕೊಂದು ಎಲ್ಲೋ ಎಸೆದರು. ಆ ಕೊಲೆಗಡುಕರ ಕಾಲ ಮುಗಿದ ಮೇಲೆ ಯೆಂ ಊರಿಗೆ ಬಂದ, ಒಬ್ಬನೇ. ತಾಯಿ ಆಗಲೇ ತೀರಿಕೊಂಡಿದ್ದಳು. ತೊಲ್ ಬಾಗಿಲು ಹಾಕಿಕೊಂಡ.

\* \* \*

ಬಾಗಿಲಲ್ಲಿ ಸೈಕಲ್ ಸದ್ದಾಯಿತು. ಬಿಳಿ ಬಟ್ಟೆಯ ತೊಲ್ ಇಳಿದು, ಯಾರನ್ನೂ ಮಾತಾಡಿಸದೆ ನೇರ ಬೋಗುಣಿಯೊಳಗೆ ಇಣುಕಿದ.

"ಎಳನೀರು ಇಷ್ಟೇನಾ?"

ಸಾರೂನ್‌ಗೆ ಹೋದ ಜೀವ ಬಂದಂತಾಯಿತು. "ನೀವು ಬರಲ್ಲ ಅಂದ್ಕೊಂಡಿದ್ದೆ, ಚಿಕ್ಕಪ್ಪ."

"ನಾನೂ ಹಾಗೇ ಅಂದ್ಕೊಂಡಿದ್ದೆ." ಅವನು ಕುಕ್ಕರಗಾಲಲ್ಲಿ ಕೂತು ಮೂಳೆ ಆಯತೊಡಗಿದ. "ಪಿತೃಪಕ್ಷದಲ್ಲಿ ಬೆಳಗಾಗೋ ಮುಂಚೆ ನಾವೆಲ್ಲ ವಿಹಾರ ಸುತ್ತಿ ಅನ್ನದುಂಡೆ ಎಸೀತೀವಲ್ಲ, ನಿಮ್ಮಪ್ಪನೂ ಬರ್ತಿದ್ದ. ಗೊತ್ತಾ ನಿಂಗೆ?"

"ಅಪ್ಪನಾ? ಸತ್ತೋರು ಬಂದು ಉಣ್ತಾರೇನ್ರೇ ಅಂತ ನಮ್ಮನ್ನ ಬೈತಿದ್ರಲ್ಲ!"

"ಹಿಂದಿನ ಗೋಡೆ ಹತ್ರ, ಒಬ್ನೇ. ಬಾಂಬ್ ಎಸೆದಂಗೆ ಎಸೀತಿದ್ದ. ಆಮೇಲೆ ಮೆತ್ತಗೆ, ನ್ಹೆಕ್, ಛಾಯ್, ಬಂದು ಉಣ್ರೋ ಅಂತಿದ್ದ. ಪ್ರತಿ ವರ್ಷ. ಮರದ ಮರೇಲಿ ನಿಂತು ಕೇಳಿಸ್ಕೊಳ್ತಿದ್ದೆ. ನಂಗೆ ಕೋಪ ಯಾವತ್ತೋ ಹೋಗಿತ್ತು ಮಗಳೇ. ಹಟ ಹೋಗ್ಲಿಲ್ಲ."

"ಇಬ್ರೂ ಒಂದೇ ಜಾತಿ ಕತ್ತೆಗಳು," ಎಂದು ಮೊಮ್ ಅಜ್ಜಿ ಕಣ್ಣೊರೆಸಿಕೊಂಡಳು.

ತೊಲ್ ಮೂಳೆ ತೊಳೆದ. ಎಲೆಯ ಮೇಲೆ ಬೂದಿ ಹರಡಿ ತಲೆ, ತೋಳು, ಕಾಲು ಮಾಡಿದ. ತಲೆ ಪಶ್ಚಿಮಕ್ಕಿತ್ತು. ಇನ್ನು ಎಲೆ ತಿರುಗಿಸುವುದೊಂದೇ ಬಾಕಿ. ಅವನು ತಿರುಗಿಸಲಿಲ್ಲ.

"ನಮ್ಮಣ್ಣಂದಿರಿಗೆ ಇದಾಗ್ಲಿಲ್ಲ," ಎಂದ ತೊಲ್, ತಲೆ ಎತ್ತದೆ. "ತಿರುಗಿಸೋಕೆ ನಮಗೊಂದು ಹಿಡಿ ಬೂದಿನೂ ಸಿಗ್ಲಿಲ್ಲ."

ಸಾರೂನ್ ಎರಡು ಕೈಯನ್ನೂ ಅಪ್ಪನ ಬೂದಿಗೆ ಹಾಕಿ, ಎದೆಯಿಂದ ಒಂದು ಹಿಡಿ ತೆಗೆದು ಎಡಕ್ಕಿಟ್ಟಳು, ಇನ್ನೊಂದು ಹಿಡಿ ಬಲಕ್ಕಿಟ್ಟಳು.

"ಮಾಡಿ ಚಿಕ್ಕಪ್ಪ. ಅಪ್ಪ ಬೇಡ ಅನ್ನಲ್ಲ."

ತೊಲ್‌ನ ಬೆರಳಿನಡಿ ಎರಡು ಪುಟ್ಟ ತಲೆ, ನಾಲ್ಕು ತೋಳು, ನಾಲ್ಕು ಕಾಲು ಮೂಡಿದವು. ಎಲೆಯ ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಅವಳು ಹಿಡಿದಳು. ಚೂರೂ ಚೆಲ್ಲದ ಹಾಗೆ ಮೆಲ್ಲಗೆ ತಿರುಗಿಸಿ ಇಳಿಸಿದರು. ನಡುವೆ ಅಪ್ಪ, ಅಕ್ಕಪಕ್ಕ ಇಬ್ಬರು ಹುಡುಗರು. ಮೂವರ ತಲೆಯೂ ಪೂರ್ವಕ್ಕೆ, ಆ ತಾಯಿ ಬೆಲ್ಲ ಕಾಯಿಸುತ್ತಿದ್ದ ಮನೆಯ ಕಡೆಗೆ.