ರನ್‌ವೇ ಮೇಲೆ ಬೂದುಗುಂಬಳಕಾಯಿ

ನಮ್ ಹೀರೋಗೆ ರೆಕ್ಕೆ ಮಡಚ್ಕೊಂಡು ನಿಲ್ಲೋ ಅಭ್ಯಾಸ. ಹಡಗಲ್ಲಿ ಜಾಗ ಸಾಲ್ದು ಅಂತ ನೇವಿಯೋರು ಹಂಗೇ ಮಾಡ್ಸಿದ್ರಂತೆ. ಹಳೇ ಯುದ್ಧವಿಮಾನ. ಹೊಸೂರ್ ಹತ್ರ ಗುಲಾಬಿ ಬೆಳ್ದು ದುಡ್ಡು ಮಾಡ್ದ ಚೆನ್ನಕೇಶವಣ್ಣ ಅದನ್ನ ಗುಜರಿ ರೇಟಲ್ಲಿ ತಂದು, ಮ್ಯೂಸಿಯಂ ಅಂತ ಬೋರ್ಡ್ ಹಾಕ್ಸಿದ್ರು. ಆ ತುಕ್ಕು ಹೆಣಕ್ಕೆ ಜೀವ ತುಂಬಿದ್ದು ಇಂಜಿನಿಯರ್ ಚಂದ್ರಲೇಖಕ್ಕ. ಮದ್ವೆ ಮಾತೂ ಮುಂದಕ್ಕೆ ಹಾಕಿ ಅದರ ಹೊಟ್ಟೆಯೊಳ್ಗೇ ಇದ್ಬುಟ್ಳು. ಫಿಟ್ಟರ್ ನಾನು, ಪಕ್ಕದ ತಳಿ ಊರಿನ ಶಶಿ. "ನಟ್ಟೂ ನಂದೇ, ಬೋಲ್ಟೂ ನಂದೇ, ಅಡ್ಡ ಬಂದೋನ್ ಕಥೆ ಮಾತ್ರ ದೇವ್ರುದು!" ಅಂತ ನಾನಂದ್ರೆ ಅಕ್ಕ ಸ್ಪ್ಯಾನರಲ್ಲಿ ಮೊಟಕೋಳು.

ಅಡ್ಡ ಬಂದೋನು ಓನರ್ ಬಾಮೈದ ವೇಣು. "ಬಾವ, ಬೈಪಾಸ್ ಪಕ್ಕ ಕಂಬದ್ ಮೇಲೆ ಕೂರ್ಸಿ ಬಿರಿಯಾನಿ ಹೋಟ್ಲು ಮಾಡಾಣ. ಒಳ್ಗೆ ಎಸಿ, ರೆಕ್ಕೆ ಮೇಲೆ ನಾನ್ ಎಸಿ."

ಓನರ್ ಕೊನೆಗೆ ಅಕ್ಕಂಗೆ ಹೇಳ್ಬುಟ್ರು: "ನೋಡಮ್ಮ, ಹಾರ್ಸಕ್ಕೆ ಪರ್ಮಿಶನ್ ಇರೋದು ಇವತ್ತು ಹೊತ್ತು ಮುಳುಗೋಗಂಟ. ಹಾರಿದ್ರೆ ಮ್ಯೂಸಿಯಂ ನಿಂದು. ಹಾರ್ದಿದ್ರೆ ವಿಮಾನ ವೇಣುಂದು."

ಊರ ದೊಡ್ಡೋರೆಲ್ಲ ರೇಷ್ಮೆ ಪಂಚೇಲಿ ಬಂದ್ರು. ನೇವಿಯಿಂದ ರಿಟೈರಾದ ಕ್ಯಾಪ್ಟನ್ ತಾತ ಹತ್ತಿ ಕೂತ್ರು. ರೆಕ್ಕೆ ಬಿಚ್ಕೊಂಡು ಖಟಕ್ ಅಂತು. ಇಂಜಿನ್ ಗುಡುಗ್ತು. ಅಷ್ಟ್ರಲ್ಲಿ ಓನರ್ ಓಡ್ಬಂದ್ರು, ಕೈಲಿ ಬೂದುಗುಂಬಳಕಾಯಿ. ದೃಷ್ಟಿ ತೆಗೀದೆ ನಮ್ಮೋರು ಹೊಸ ಸೈಕಲ್ಲೂ ಓಡ್ಸಲ್ಲ. ಮೂರ್ ಸುತ್ತು ಇಳೆ ತೆಗ್ದು, ನಡು ರನ್‌ವೇಲಿ ದಬಾರ್! ಕುಂಕುಮ, ತಿರುಳು, ಒಳ್ಗೆ ತುಂಬಿದ್ದ ಚಿಲ್ರೆ ಕಾಸು ಎಲ್ಲಾ ದಿಕ್ಕಾಪಾಲು.

ತಾತ ಇಂಜಿನ್ ನಿಲ್ಸಿಬುಟ್ರು. ತಲೆ ಹೊರಗಿಟ್ರು. "ಯಾರ್ರೀ ಅದು! ಒಂದು ಕಾಸು ಇಂಜಿನ್ ಪಂಖಕ್ಕೆ ಬಡಿದ್ರೂ ಬಂದೂಕಿನ ಗುಂಡಾಗುತ್ತೆ. ಹಡಗಲ್ಲಿ ಸಾಹೇಬ್ರಿಂದ ಅಡುಗೆಯವರ ತನಕ ಸಾಲಾಗಿ ನಡೆದು ಕಸ ಹೆಕ್ಕುತ್ತಿದ್ವಿ. ಎಲ್ಲಾ ಹೆಕ್ಕಿ, ಆಮೇಲೆ ಹಾರ್ತೀನಿ."

ಯಾರೂ ಬಗ್ಗಲಿಲ್ಲ. ಒಬ್ರಿಗೆ ರೇಷ್ಮೆ ಮುದುರ್ತದೆ, ಇನ್ನೊಬ್ರಿಗೆ ಸೊಂಟ. ವೇಣು ಆಗ್ಲೇ ಕ್ರೇನ್‌ನೋನಿಗೆ ಫೋನ್ ಹಚ್ಬುಟ್ಟ. ಹೊತ್ತು ಗುಡ್ಡದ್ ಕಡೆ ವಾಲ್ತಿತ್ತು. ಅಕ್ಕ ಒಬ್ಳೇ ಮಂಡಿಯೂರಿ ತಿರುಳಲ್ಲಿ ಕೈ ಆಡಿಸ್ತಿದ್ಳು. ಅಳ್ತಿರ್ಲಿಲ್ಲ, ಬೈತಾನೂ ಇರ್ಲಿಲ್ಲ. ನಂಗೆ ತಡೀಲಿಲ್ಲ.

ಮೈಕ್ ಕಿತ್ಕೊಂಡೆ. "ಮಹಾಜನಗಳೇ! ಆ ಕುಂಬಳಕಾಯೊಳ್ಗೆ ಓನರ್ ಮನೆಯೋರು ಒಂದು ಚಿನ್ನದ ಕಾಸೂ ಹಾಕವ್ರಂತೆ. ಸಿಕ್ದೋರಿಗೇ ಪ್ರಸಾದ!" ತಮಿಳಲ್ಲೂ ತೆಲುಗಲ್ಲೂ ಇನ್ನೊಂದ್ಸಲ ಹೇಳ್ದೆ. ಯಾರಿಗೂ ಅನ್ಯಾಯ ಆಗ್ಬಾರ್ದಲ್ವ?

ಪಂಚೆಗಳು ಮೇಲೇರಿದ್ವು. ಸೊಂಟ ನೋವಿನೋರು ನಾಕ್ ಕಾಲಲ್ಲಿ ಓಡ್ತಾವ್ರೆ. ವೇಣು ಫೋನ್ ಕಿವಿಗೆ ಸಿಗಿಸ್ಕೊಂಡೇ ಬಿದ್ದ. ಕುಂಬಳದ ಬೀಜಾನೂ ಬಿಡ್ಲಿಲ್ಲ, ತಿರುಳೂ ಬಿಡ್ಲಿಲ್ಲ.

ಓನರ್ ನನ್ ಕಿವಿ ಹಿಂಡಿದ್ರು. "ಲೇ, ನಾನ್ಯಾವಾಗ್ಲಾ ಚಿನ್ನ ಹಾಕ್ದೆ?"

"ನೀವಲ್ಲಣ್ಣ. ಅತ್ತಿಗೆ ಹಾಕಿರ್ಬೋದೇನೋ."

ಅವ್ರು ಹೆಂಡ್ತಿ ಕಡೆ ಒಂದ್ಸಲ ನೋಡಿ, ಪಂಚೆ ಎತ್ತಿ ಕಟ್ಟಿ, ತಾವೂ ಬಗ್ಗಿದ್ರು.

ತಾತ ಆ ತುದಿಯಿಂದ ಈ ತುದೀಗೆ ನಡ್ದು ಬಂದ್ರು. "ನಮ್ಮ ಹಡಗೂ ಇಷ್ಟು ಚೊಕ್ಕಟ ಇರ್ಲಿಲ್ಲ."

ನಾನು ಮೈಕಲ್ಲಿ ಕೊನೇ ಡೈಲಾಗ್ ಬಿಟ್ಟೆ: "ಚಿನ್ನ ಹುಲ್ಲಿಗೆ ಹಾರಿರ್ಬೇಕು!" ರನ್‌ವೇ ಖಾಲಿ.

ಇಂಜಿನ್ ಮತ್ತೆ ಗುಡುಗ್ತು. ಚಕ್ರ ನೆಲ ಬಿಡ್ತು. ಕೆಂಪು ಹೊತ್ತಿಗೆ ಅಡ್ಡವಾಗಿ, ಬಿಚ್ಚಿದ ರೆಕ್ಕೇಲಿ, ವಿಮಾನ ನಮ್ ತಳಿ ಗುಡ್ಡದ್ ಕಡೆ ಹೊಂಟೋಯ್ತು. ಅಕ್ಕನ ಕೈಯೆಲ್ಲ ಕುಂಕುಮ. ಅದೇ ಕೈಲಿ ನನ್ ಭುಜ ಹಿಡ್ಕೊಂಡು, "ಹಾರ್ತು ಕಣ್ಲಾ," ಅಂದ್ಳು.

ಮೇಲೆ ನೋಡ್ದೋರು ನಾವಿಬ್ರೇ. ಹುಲ್ಲಲ್ಲಿ ವೇಣು ಫೋನು ಹೊಡ್ಕೊಳ್ತು. ಕ್ರೇನ್‌ನೋನು. ವೇಣು ತಲೆ ಎತ್ತದೇ ಕೇಳ್ದ: "ಬಾರಯ್ಯ ಬೇಗ. ನಿನ್ ಕ್ರೇನಲ್ಲಿ ದೊಡ್ ಲೈಟ್ ಐತಾ?"