ಕಾಲುವೆ ಲೈನಿನ ಕಾವಲುಗಾರ

ನಾನು ಒಂದು ರಿಲೇ. ವಿದ್ಯುತ್ ಉಪಕೇಂದ್ರದ ಪ್ಯಾನೆಲ್ಲಿನಲ್ಲಿ ಗಾಜಿನ ಮುಖ ಹೊತ್ತು ಕೂರುವ ಕಪ್ಪು ಡಬ್ಬಿ. ಕಾರ್ಖಾನೆಯಲ್ಲಿ ಒಬ್ಬ ಹೆಂಗಸು ನನ್ನೊಳಗೆ ಅಲ್ಯೂಮಿನಿಯಂ ತಟ್ಟೆಯೊಂದನ್ನು ಕೂರಿಸಿ ಉಫ್ ಎಂದು ಊದಿದಳು. ತಟ್ಟೆ ತಿರುಗಿತು, ನಾನು ಹುಟ್ಟಿದೆ. ಕರೆಂಟು ತಂತಿಯ ದಾರಿ ಬಿಟ್ಟು ನೆಲಕ್ಕಿಳಿದರೆ ಈ ತಟ್ಟೆ ತಾನಾಗಿ ತಿರುಗಿ, ನನ್ನೊಳಗಿನ ಎರಡು ಬೆಳ್ಳಿ ಚುಕ್ಕೆಗಳನ್ನು ಒಂದಕ್ಕೊಂದು ತಾಗಿಸುತ್ತದೆ. ತಾಗಿದೊಡನೆ ಅಂಗಳದ ಆಳೆತ್ತರದ ಬ್ರೇಕರ್ ಸ್ವಿಚ್ಚು ಧಡ್ ಎಂದು ಟ್ರಿಪ್ ಆಗಿ ಲೈನು ಸಾಯುತ್ತದೆ. ಬುತ್ತಿ ಡಬ್ಬಿಯಷ್ಟಿರುವ ನಾನು ಹನ್ನೊಂದು ಸಾವಿರ ವೋಲ್ಟನ್ನು ತಡೆಯಬಲ್ಲೆನೇ! ಇಷ್ಟು ವರ್ಷವಾದರೂ ನನಗೇ ಪೂರ್ತಿ ನಂಬಿಕೆ ಬಂದಿಲ್ಲ.

ಕಾಲುವೆಯ ಕಡೆ ಹೋಗುವ ಲೈನನ್ನು ಕಾಯಲೆಂದು ನರಗುಂದದ ಕಡೆಯ ಒಂದು ಉಪಕೇಂದ್ರಕ್ಕೆ ಬಂದೆ. ಅಲ್ಲಿನ ಹಳೆಯ ಆಪರೇಟರ್ ಇಮಾಮಸಾಬ್ ನದಾಫ್ ಅವರಿಗೆ ರಿಲೇ ಜಾತಿಯನ್ನು ಕಂಡರೇ ಆಗುತ್ತಿರಲಿಲ್ಲ. ಲೈನು ಹೋದಾಗೆಲ್ಲ ಊರವರ ಬೈಗುಳ ತಿನ್ನುವವರು ಅವರೇ ತಾನೆ?

ನನ್ನನ್ನು ಕೂರಿಸಿ ಪರೀಕ್ಷಿಸಿದವರು ಎಂಜಿನಿಯರ್ ಅನ್ನಪೂರ್ಣಾ ಹೂಗಾರ. ಪೆಟ್ಟಿಗೆಯೊಂದರಿಂದ ಬೇಕೆಂದೇ ಕರೆಂಟು ಕೊಟ್ಟು, ತಟ್ಟೆ ಓಡುವ ಹೊತ್ತನ್ನು ಗಡಿಯಾರದಲ್ಲಿ ಹಿಡಿದರು. ಅದೂ ಹತ್ತಾರು ಸಲ. ಅಷ್ಟೂ ಸಲ ಊರಿನ ಕರೆಂಟು ಹೋಗಬಾರದೆಂದು, ಆ ಕಸುಬಿನವರ ರೂಢಿಯಂತೆ, ಬೆಳ್ಳಿ ಚುಕ್ಕೆಗಳ ನಡುವೆ ಕಾಗದದ ಚೂರೊಂದನ್ನು ಸಿಕ್ಕಿಸಿದ್ದರು. ಕೊನೆಗೆ ಅದನ್ನು ತೆಗೆದು, ಬ್ರೇಕರನ್ನು ಒಮ್ಮೆ ನಿಜವಾಗಿ ಟ್ರಿಪ್ ಮಾಡಿಸಿ ನೋಡಬೇಕಿತ್ತು.

"ಮೇಡಮ್ಮಾರ, ಮುಂಜಾನಿಂದ ಎರಡ ಸಲ ಲೈನ್ ತಗದೇವ್ರಿ," ಎಂದರು ನದಾಫ್. "ಗಿರಣಿಯವ್ರು ಫೋನಿನ್ಯಾಗ ಜೀವಾ ತಿನ್ನಾಕತ್ತಾರ. ಇದೊಂದ ಸಲ ಬಿಡ್ರಲ್ಲ."

ಅನ್ನಪೂರ್ಣಾ ಕರಗಿದರು. "ಆತು ಚಾಚಾ," ಎಂದು ಗಾಜು ಮುಚ್ಚಿಬಿಟ್ಟರು. ಕಾಗದ ಒಳಗೇ ಉಳಿಯಿತು.

ನನಗೆ ಬಾಯಿಲ್ಲ. ಇನ್ನು ಎಲ್ಲಿ ತಂತಿ ಬಿದ್ದರೂ ನನ್ನ ತಟ್ಟೆ ಓಡುವುದೊಂದೇ, ಬ್ರೇಕರ್ ಅಲ್ಲಾಡುವುದಿಲ್ಲ. ಅಷ್ಟು ಹೆದರಿಕೆ ನನಗೆ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ.

ಅನ್ನಪೂರ್ಣಾ ರಿಜಿಸ್ಟರ್ ಬರೆಯುತ್ತ ಹೋದರು. ಕೊನೆಯ ಕಾಲಮ್ಮಿನಲ್ಲಿ ಬ್ರೇಕರ್ ಟ್ರಿಪ್ ಆಯಿತೆಂದು ಬರೆಯಬೇಕಿತ್ತು, ಪೆನ್ನು ನಿಂತಿತು.

"ಕಣ್ಣಿಲೆ ನೋಡಲಾರದ್ದು ಹ್ಯಾಂಗ ಬರೀಲಿ ಚಾಚಾ? ಬೈಸ್ಕೊಳ್ಳೂಣು ಬರ್ರಿ."

ಮತ್ತೆ ಕರೆಂಟು ಕೊಟ್ಟರು. ತಟ್ಟೆ ಓಡಿತು, ಅಂಗಳದಲ್ಲಿ ಸದ್ದೇ ಇಲ್ಲ. ಗಾಜು ತೆಗೆದು ನೋಡಿದರೆ ತಾವೇ ಇಟ್ಟ ಕಾಗದ! ಅದನ್ನು ಎಳೆದು ತೆಗೆದರು. ಇನ್ನೊಮ್ಮೆ ಕೊಟ್ಟಾಗ ಧಡ್ ಎಂದು ಕಿಟಕಿ ಅದುರಿತು. ಕೂಡಲೇ ಫೋನು ಹೊಡೆದುಕೊಂಡಿತು. ನದಾಫ್ ಎತ್ತಿಕೊಂಡು, ಬೈಗುಳ ಮುಗಿಯುವ ತನಕ ಸುಮ್ಮನೆ ಕೇಳಿಸಿಕೊಂಡರು.

ನಾಲ್ಕನೆಯ ದಿನ ಮಧ್ಯಾಹ್ನ ಜೋರು ಗಾಳಿ ಎದ್ದಿತು. ನನ್ನ ತಟ್ಟೆ ತಿರುಗಿತು, ಬ್ರೇಕರ್ ಟ್ರಿಪ್ ಆಯಿತು, ನನ್ನ ಮುಖದ ಮೇಲೆ ಕೆಂಪು ಗುರುತು ಬಿತ್ತು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಆ ಗುರುತು ಬಿದ್ದರೆ, ಲೈನ್‌ಮನ್ ಹೋಗಿ ನೋಡುವವರೆಗೂ ಮತ್ತೆ ಕರೆಂಟು ಹಾಕುವಂತಿಲ್ಲ. ಒಂದು ಗಂಟೆಯ ಮೇಲೆ ಅವನ ಫೋನ್ ಬಂತು. ಕೇಳುತ್ತ ಕೇಳುತ್ತ ನದಾಫ್ ಕುರ್ಚಿಯಿಂದ ಎದ್ದು ನಿಂತರು. ಆಮೇಲೆ ಅನ್ನಪೂರ್ಣಾ ಅವರಿಗೆ ಫೋನ್ ಹಚ್ಚಿದರು.

"ಮೇಡಮ್ಮಾರ, ಕಾಲುವಿ ದಂಡಿ ರಾಡ್ಯಾಗ ತಂತಿ ಹರದು ಬಿದ್ದಿತ್ರಿ. ಅರಿವಿ ಒಗಿಯಾಕ ಹೋದಾಕಿ ಒಬ್ಬಾಕಿ, ದಾರಿಗೆ ಅಡ್ಡ ಆಗೇತಂತ ಎತ್ತಿ ಬಾಜೂಕ ಇಟ್ಟಾಳಂತ್ರಿ. ಬರಿಗೈಲೆ!"

ನದಾಫ್ ಫೋನ್ ಇಟ್ಟು ಬಂದು, ಹೆಗಲ ಮೇಲಿನ ಟವೆಲಿನಿಂದ ನನ್ನ ಗಾಜು ಒರೆಸಿ, "ಶಾಬಾಸ್ ಮಗನ" ಎಂದರು. ಆಗ ಆದ ಸಂತೋಷವನ್ನು ಏನೆಂದು ಹೇಳಲಿ!

ಹದಿನೆಂಟು ವರ್ಷ ದುಡಿದೆ. ಈಗ ನನ್ನ ಜಾಗದಲ್ಲಿ ಅಂಕಿ ಮಿನುಗಿಸುವ ಹೊಸಬನಿದ್ದಾನೆ. ನಾನು ಸ್ಟೋರಿನ ಮೂಲೆಯಲ್ಲಿದ್ದೇನೆ. ಬೇಸರವಿಲ್ಲ, ಬೆರಗೇ ಇನ್ನೂ ತೀರಿಲ್ಲ. ತಂತಿ ಎತ್ತಿಟ್ಟ ಆ ಹೆಂಗಸಿನ ಹೆಸರು ನನಗೆ ತಿಳಿಯಲಿಲ್ಲ, ನಾನೊಬ್ಬ ಇದ್ದೇನೆಂದು ಅವಳಿಗೂ ಗೊತ್ತಿಲ್ಲ. ಅವತ್ತು ಅವಳು ಅರಿವೆ ಒಗೆದು, ಹಿಂಡಿ, ಬುಟ್ಟಿ ಹೊತ್ತು ಮನೆಗೆ ಹೊರಟವಳು, ದಾರಿಯಲ್ಲಿ ಲೈನ್‌ಮನ್‌ನನ್ನು ತಡೆದು, ಇಷ್ಟು ಹೊತ್ತು ಕರೆಂಟು ಯಾಕೆ ತೆಗೆದಿರೆಂದು ಚೆನ್ನಾಗಿ ಜಾಡಿಸಿದಳಂತೆ.